ಅಜ್ಜನ ಮಳೆಪುಸ್ತಕ

2025 ನವೆಂಬರ್ 22, ಶನಿವಾರ
ಮಡಿಕೇರಿ ಹತ್ತಿರದ ನಮ್ಮೂರು

ಇವತ್ತು ಬೆಳಗಿನ ಶಾಲೆ. ಬಿಡುವ ಗಂಟೆ ಹೊಡೆದ ಮೇಲೂ ಒಂಬತ್ತನೇ ತರಗತಿಯ ಹದಿನಾಲ್ಕು ಮಕ್ಕಳು ಎಂದಿನಂತೆ ಉಳಿದರು. ಜೂನ್‌ನಿಂದ ನಡೆಸುತ್ತಿರುವ ಈ ಶನಿವಾರದ ಕೂಟಕ್ಕೆ ನಾವು ಹೆಸರಿಟ್ಟಿರಲಿಲ್ಲ, ಮಕ್ಕಳೇ ‘ಗುಡ್ಡದ ಕ್ಲಾಸು’ ಅಂತ ಇಟ್ಟುಕೊಂಡಿದ್ದಾರೆ. ಗುಡ್ಡ ಯಾಕೆ ಜರಿಯಿತು? ಇಡೀ ವರ್ಷಕ್ಕೆ ಇದೊಂದೇ ಪ್ರಶ್ನೆ. ವಿಜ್ಞಾನದ ನಾನು, ಗಣಿತದ ಮೇಡಂ, ಸಮಾಜದ ಸರ್ ಮೂವರೂ ಒಂದೇ ಕೋಣೆಯಲ್ಲಿ ಕೂರುತ್ತೇವೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಈ ಮಕ್ಕಳು ಎರಡನೇ ಕ್ಲಾಸಿನಲ್ಲಿದ್ದವರು. ಮಳೆ ಜೋರಾದ ರಾತ್ರಿ ಇವತ್ತಿಗೂ ನಿದ್ದೆ ಮಾಡದವರು ಇದರಲ್ಲಿ ಇದ್ದಾರೆ.

ಒಬ್ಬ ಹುಡುಗ ತನ್ನ ಅಜ್ಜನ ಮಳೆಪುಸ್ತಕ ತಂದಿದ್ದ. ಕೆಂಪು ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕ, ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಸ್ವೆಟರಿನ ಒಳಗೆ ಇಟ್ಟುಕೊಂಡು ಬಂದಿದ್ದ. ಸಾಲಿಗೊಂದು ತಾರೀಕು, ಎದುರಿಗೆ ಇಂಚು, ಸೆಂಟು. ತೋಟದ ಮನೆಗಳಲ್ಲಿ ಮಳೆಯ ಮಾತೆಲ್ಲ ಸೆಂಟಿನಲ್ಲೇ. ಮಾರ್ಚ್ ತಿಂಗಳ ಪುಟಗಳಲ್ಲಿ ಅಲ್ಲಲ್ಲಿ ‘ಹೂಮಳೆ’ (ಕಾಫಿ ಗಿಡದಲ್ಲಿ ಹೂ ಅರಳಿಸುವ ಮಳೆ) ಅಂತ ಬರೆದು ಅಡಿಗೆರೆ ಎಳೆದಿದ್ದರು.

"ಮೇಡಂ, ಸೆಂಟು ಅಂದ್ರೆ ಜಾಗ ಅಲ್ವಾ? ಮಳೆ ಹೇಗೆ ಸೆಂಟಾಗುತ್ತೆ?" ಅಂತ ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಎಕರೆಯ ನೂರರಲ್ಲೊಂದು ಭಾಗವೂ ಸೆಂಟು, ಇಂಚಿನ ನೂರರಲ್ಲೊಂದು ಭಾಗವೂ ಸೆಂಟು ಎಂದು ಗಣಿತದ ಮೇಡಂ ಬೋರ್ಡಿನ ಮೇಲೆ ಬರೆದರು. 3 ಇಂಚು 45 ಸೆಂಟು, ಅಂದರೆ 3.45. ಅದನ್ನು 25.4ರಿಂದ ಗುಣಿಸಿದಾಗ 87.63 ಮಿಲಿಮೀಟರ್. ದಶಮಾಂಶ ಕಂಡರೆ ಹೆದರುವ ಮಕ್ಕಳು ಅರ್ಧ ಗಂಟೆಯಲ್ಲಿ ಎರಡು ತಿಂಗಳ ಮಳೆಯನ್ನು ಮಿಲಿಮೀಟರಿಗೆ ಇಳಿಸಿಬಿಟ್ಟರು!

ಆಮೇಲೆ 2018ರ ಆಗಸ್ಟ್ ಪುಟ ಬಂತು. ತಿಂಗಳ ಮಧ್ಯದಲ್ಲಿ ತಾರೀಕುಗಳು ಇವೆ, ಎದುರಿನ ಜಾಗ ಖಾಲಿ. ಹನ್ನೊಂದು ಸಾಲು ಬಿಟ್ಟು ಬೇರೆ ಪೆನ್ನಿನಲ್ಲಿ ಮತ್ತೆ ಶುರು.

"ಅಳತೆ ಇಲ್ಲದ ದಿನಗಳನ್ನು ಗ್ರಾಫಿನಿಂದ ಬಿಡೋಣ. ಸೊನ್ನೆ ಅಂತ ಮಾತ್ರ ಹಾಕಬೇಡಿ" ಅಂದರು ಮೇಡಂ. ಲೆಕ್ಕದ ಪ್ರಕಾರ ಸರಿಯೇ. ಸಮಾಜದ ಸರ್ ಮಾತ್ರ ಪುಸ್ತಕವನ್ನು ಮುಚ್ಚಲು ಬಿಡಲಿಲ್ಲ. "ಇಡೀ ಪುಸ್ತಕದಲ್ಲಿ ಮುಖ್ಯ ದಾಖಲೆ ಇದೇ. ಯಾಕೆ ಖಾಲಿ, ಅಜ್ಜನನ್ನು ಕೇಳಿದ್ದೀಯಾ?" ಹುಡುಗ ನೆಲ ನೋಡುತ್ತ ಹೇಳಿದ: "ಆಗ ನಾವೆಲ್ಲ ಪರಿಹಾರ ಕೇಂದ್ರದಲ್ಲಿದ್ದೆವು, ಸರ್. ಮಳೆ ಅಳೆಯುವ ಗೇಜು ಮಣ್ಣಿನ ಕೆಳಗೆ ಹೋಗಿತ್ತು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮಣ್ಣಿನ ಕಣಗಳ ನಡುವೆ ನೀರು ತುಂಬಿದಾಗ ಭಾರ ಹೆಚ್ಚಿ ಹಿಡಿತ ಸಡಿಲವಾಗುವುದನ್ನು, ಇಳಿಜಾರಿನ ಬುಡ ಕಡಿದರೆ ಮೇಲಿನ ಮಣ್ಣು ಆಧಾರ ಕಳೆದುಕೊಳ್ಳುವುದನ್ನು ಮರಳು ತುಂಬಿದ ತಟ್ಟೆ ಇಟ್ಟು ತೋರಿಸಬೇಕೆಂದು ನಾನು ಸಿದ್ಧವಾಗಿ ಬಂದಿದ್ದೆ. ಮುಂದಕ್ಕೆ ಹಾಕಿದೆ. ಜರಿಯುವ ಮುಂಚೆ ಒರತೆಯ ನೀರು ಕೆಂಪಗಾಗಿತ್ತೆಂದು ಅವ್ವ ಹೇಳುತ್ತಿದ್ದುದನ್ನು ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಹುಡುಗಿಯೊಬ್ಬಳು ಹೇಳಿದಳು. ಗಣಿತದಲ್ಲಿ ಪಾಸಾಗಲು ಒದ್ದಾಡುವ ಹುಡುಗಿ ಅವಳು. ನೀರಿನ ಬಣ್ಣ ಬದಲಾಗುವುದು, ಮರ ವಾಲುವುದು, ನೆಲ ಬಿರಿಯುವುದು ಇವೆಲ್ಲ ಭೂಕುಸಿತದ ಮುನ್ಸೂಚನೆಗಳೇ. ಅಂಕ ನೋಡಿ ಮಕ್ಕಳನ್ನು ಆರಿಸಿದ್ದರೆ ಈ ಮಾತು ನಮ್ಮ ಕೋಣೆಗೆ ಬರುತ್ತಲೇ ಇರಲಿಲ್ಲ.

ಬೆಂಗಳೂರಿನಲ್ಲಿ ಅಕ್ಕನ ಮಗಳು ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್) ಡಿಪ್ಲೊಮಾ ಓದುತ್ತಿದ್ದಾಳೆ. 1968ರಲ್ಲಿ ಜಿನೀವಾದಲ್ಲಿ ಶುರುವಾದ ಸಂಸ್ಥೆಯ ಕೋರ್ಸು ಅದು. ಅಲ್ಲಿ ಪ್ರತಿ ವಿದ್ಯಾರ್ಥಿಯೂ ಸ್ವಂತ ಪ್ರಶ್ನೆ ಹಿಡಿದು 4,000 ಪದಗಳವರೆಗಿನ ಪ್ರಬಂಧ ಬರೆಯಬೇಕು. ನಮಗೆ ಗೊತ್ತಿರುವುದು ಹೇಗೆ ಗೊತ್ತಾಯಿತು ಎಂದು ವಿಚಾರಿಸುವುದಕ್ಕೇ ಬೇರೆ ಪಾಠ ಇದೆ. ಅಮೆರಿಕದ ಹೈಸ್ಕೂಲುಗಳಲ್ಲಿರುವ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಸೆಮಿನಾರ್ ಎಂಬ ಕೋರ್ಸಿನಲ್ಲೂ ಒಂದು ಸಮಸ್ಯೆಯನ್ನು ಹಲವು ವಿಷಯಗಳ ಕಣ್ಣಿನಿಂದ ನೋಡಿ ಗುಂಪಾಗಿ ಮಂಡಿಸಬೇಕು, ಅದಕ್ಕೆ ಅಂಕವೂ ಇದೆ. ನಮ್ಮ ಮಕ್ಕಳ ಪ್ರಶ್ನೆ ಅವರದಕ್ಕಿಂತ ಯಾವುದರಲ್ಲಿ ಕಡಿಮೆ? ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಇದಕ್ಕೆ ಜಾಗ ಇಲ್ಲ, ಅಷ್ಟೇ. ಕಲೆ ಮತ್ತು ವಿಜ್ಞಾನದ ನಡುವೆ ಗೋಡೆ ಬೇಡ ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ಆದರೆ ನಮ್ಮ ಹಳೇ ವಿದ್ಯಾರ್ಥಿನಿಯೊಬ್ಬಳು ಪಿಯುಸಿಗೆ ಜೀವಶಾಸ್ತ್ರದ ಜೊತೆ ಇತಿಹಾಸ ಕೇಳಿದಾಗ, "ಅಂಥ ಕಾಂಬಿನೇಷನ್ ಇಲ್ಲಮ್ಮ" ಅಂತ ಅರ್ಜಿಯನ್ನು ಕಿಟಕಿಯಿಂದಲೇ ವಾಪಸ್ ಕೊಟ್ಟರು. ಅವಳು ಮನೆಗೆ ಬಂದು ಅತ್ತಿದ್ದು ನನಗೆ ಇನ್ನೂ ಸಂಕಟ.

ಮಧ್ಯಾಹ್ನ ಹೆಡ್‌ಮಾಸ್ಟರ್ ಕೇಳಿದರು, "ಇದನ್ನು ಯಾವ ವಿಷಯದ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೆ ಹಾಕೋದು?" ಮೂರಕ್ಕೂ ಹಾಕೋಣ, ಒಂದೇ ಪುಸ್ತಕವನ್ನು ಮೂವರೂ ತಿದ್ದುತ್ತೇವೆ ಅಂದೆವು. ಯೋಚನೆ ಮಾಡಿ, ಹೂಂ ಅಂದರು. ಬರವಣಿಗೆ ನೋಡಲು ಕನ್ನಡದ ಮೇಡಂ ಕೂಡ ಸೇರುತ್ತಾರೆ.

ಗ್ರಾಫಿನಲ್ಲಿ ಆ ಹನ್ನೊಂದು ದಿನದ ಜಾಗವನ್ನು ಮಕ್ಕಳು ಖಾಲಿ ಬಿಟ್ಟಿದ್ದಾರೆ. ಅದರ ಕೆಳಗೆ ಒಬ್ಬೊಬ್ಬರೂ ಆಗ ತಮ್ಮ ಮನೆಯವರು ಎಲ್ಲಿದ್ದರು ಎಂದು ಕೇಳಿಕೊಂಡು ಬಂದು ಬರೆಯಬೇಕು. ಮುಂದಿನ ಶನಿವಾರ ಅಜ್ಜನೇ ಬರುತ್ತಾರಂತೆ. ಶಾಲೆಗೊಂದು ಗೇಜು ಎಲ್ಲಿ ನಿಲ್ಲಿಸಬೇಕೆಂದು ಅಂಗಳ ನೋಡಿಯೇ ಹೇಳುವುದಂತೆ. ಮರದ ಹನಿ ಅದರೊಳಗೆ ಬೀಳಬಾರದು ಅಂತ ಮೊಮ್ಮಗನ ಕೈಲಿ ಈಗಲೇ ಹೇಳಿ ಕಳಿಸಿದ್ದಾರೆ.