ಆ ಒಂದು ಯಃಕಶ್ಚಿತ್

ಪತ್ರಿಕೆಯ ಡೆಸ್ಕ್‌ನಲ್ಲಿ ಕೂತು ಹದಿನಾಲ್ಕು ವರ್ಷವಾಯಿತು. ಸಚಿವರ ಖಾತೆ ಅದಲುಬದಲು ಮಾಡಿದ್ದೇನೆ. ಬದುಕಿರುವವರ ಹೆಸರಿನ ಹಿಂದೆ ದಿವಂಗತ ಸೇರಿಸಿದ್ದೇನೆ. ಅವೆಲ್ಲ ಮರೆತೇ ಹೋಗಿವೆ. ಒಂದು ಪದ ಮಾತ್ರ ಇನ್ನೂ ಚುಚ್ಚುತ್ತದೆ.

ಪುರವಣಿಗೆ ಒಂದು ಕಾಪಿ, ಅಂದರೆ ವರದಿ, ಬಂದಿತ್ತು. ಗ್ರಂಥಾಲಯದ ಅಟೆಂಡರ್ ಒಬ್ಬರು ನಿವೃತ್ತರಾಗಿದ್ದರು. ಹರಿದ ಪುಸ್ತಕಗಳನ್ನು ಬಿಡುವಿದ್ದಾಗಲೆಲ್ಲ ಹೊಲಿದು, ಅಂಟಿಸಿ ಉಳಿಸಿದವರು. ವರದಿಗಾರ ಇದನ್ನೇ ನೇರವಾಗಿ ಬರೆದಿದ್ದ. ನನಗೆ ಇಂಟ್ರೋ, ಅಂದರೆ ಶುರುವಿನ ಸಾಲು, ಸಪ್ಪೆ ಅನ್ನಿಸಿತು. 'ಅಟೆಂಡರ್ ಒಬ್ಬರು' ಅಂತ ಇದ್ದದ್ದನ್ನು 'ಯಃಕಶ್ಚಿತ್ ನೌಕರನೊಬ್ಬ' ಅಂತ ಮಾಡಿದೆ. ಮೊದಲು ಕೆಳಗಿಳಿಸಿ ಆಮೇಲೆ ಎತ್ತಿದರೆ ಕಥೆಗೆ ಜೀವ ಬರುತ್ತದೆ ಅನ್ನುವುದು ನಮ್ಮ ಡೆಸ್ಕಿನ ಹಳೇ ಚಟ.

ಪುಟ ಬಿಡಲು ಹತ್ತೇ ನಿಮಿಷ ಇತ್ತು. ಅಕ್ಷರಗಳನ್ನು ಒಂದು ಫಾಂಟಿನಿಂದ ಇನ್ನೊಂದಕ್ಕೆ ಬದಲಿಸುವ ನಮ್ಮ ಕನ್ವರ್ಟರ್‌ಗೆ ವಿಸರ್ಗ ಅಂದರೆ ಆಗಿಬರುವುದಿಲ್ಲ. 'ಯಃ' ಹೋಗಿ 'ಯ' ಮತ್ತೊಂದು ಚೌಕ ಆಗಿತ್ತು. ಇದನ್ನು ಸರಿ ಮಾಡಿ ಅಂತ ಐಟಿಯವರಿಗೆ ಹೇಳಿ ಹೇಳಿ ಸಾಕಾಗಿದೆ. ಕೊನೆಗೆ ಎರಡು ಚುಕ್ಕಿಗಳನ್ನು ಬೇರೆ ಫಾಂಟಿನಿಂದ ತಂದು ಕೂರಿಸಿದೆ. ಹತ್ತು ನಿಮಿಷವೂ ಆ ಪದವನ್ನೇ ನೋಡುತ್ತಿದ್ದೆ. ಅದರ ಅರ್ಥದ ಕಡೆ ಮಾತ್ರ ಕಣ್ಣು ಹೋಗಲಿಲ್ಲ.

ಎರಡು ದಿನ ಬಿಟ್ಟು ಅವರೇ ಆಫೀಸಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಮಡಿಸಿದ ಪುರವಣಿ. ಥ್ಯಾಂಕ್ಸ್ ಹೇಳಲು ಬಂದಿದ್ದಾರೆ ಅಂದುಕೊಂಡು ಕುರ್ಚಿ ಎಳೆದುಕೊಟ್ಟೆ.

"ಸರ್, ಮೊಮ್ಮಗಳು ಈ ಪದಕ್ಕೆ ಅರ್ಥ ಕೇಳಿದಳು. ನೀವೇ ಹೇಳಿಬಿಡಿ."

ಬೆರಳು ಆ ಎರಡು ಚುಕ್ಕಿಗಳ ಮೇಲೇ ಇತ್ತು. ಪಕ್ಕದ ಟೇಬಲ್‌ನಲ್ಲಿ ಕೀಬೋರ್ಡ್ ಸದ್ದು ನಿಂತಿತು. ನಾನು ನೀರು ಕುಡಿದೆ. ಮತ್ತೆ ಕುಡಿದೆ. "ಅದು ಸಂಸ್ಕೃತದ್ದು ಸರ್. ಯಾರೋ ಒಬ್ಬರು ಅಂತ, ಅಷ್ಟೇ" ಅಂದೆ. ಸುಳ್ಳಲ್ಲ. ಮೂಲದಲ್ಲಿ ಇರುವುದು ಅಷ್ಟೇ. ಕನ್ನಡಕ್ಕೆ ಬಂದ ಮೇಲೆ ಅದಕ್ಕೆ ತಾತ್ಸಾರ ಅಂಟಿಕೊಂಡಿದ್ದು ನನಗೆ ಚೆನ್ನಾಗಿ ಗೊತ್ತಿತ್ತು.

"ನಿಘಂಟಿನಲ್ಲಿ ಅಲ್ಪ, ಕ್ಷುದ್ರ ಅಂತಲೂ ಇದೆಯಲ್ಲ" ಅಂದರು. ಜೀವನವೆಲ್ಲ ಪುಸ್ತಕಗಳ ನಡುವೆ ಇದ್ದವರ ಹತ್ತಿರ ಅರ್ಧ ಅರ್ಥ ಮುಚ್ಚಿಡಲು ಹೋಗಿದ್ದೆ. ಆಮೇಲೆ ಮೆಲ್ಲಗೆ ಹೇಳಿದರು: "ಮೊದಲ ಸಾಲಿನಲ್ಲಿ ನಾನು 'ಒಬ್ಬ'. ಮೂರನೇ ಪ್ಯಾರಾದಿಂದ 'ಅವರು'. ನಡುವೆ ಎಲ್ಲಿ ಬಡ್ತಿ ಸಿಕ್ಕಿತು ಅಂತ ಹುಡುಕಿದೆ ಸರ್."

ಜಗಳ ಆಡಿದ್ದರೆ ಎಷ್ಟೋ ವಾಸಿ ಇತ್ತು.

ಇಂಥ ಪದಗಳಿಗೆ ನಮ್ಮಲ್ಲಿ ಬರವಿಲ್ಲ. ಹುಲುಮಾನವ, ಬಡಪಾಯಿ, ಪಾಮರ, ಅಬ್ಬೇಪಾರಿ. ಹುಲುಮಾನವ ಅಂತ ನನ್ನನ್ನು ನಾನೇ ಕರೆದುಕೊಂಡರೆ ವಿನಯ, ಎದುರಿನವರನ್ನು ಕರೆದರೆ ಬೈಗುಳ. ಬಡಪಾಯಿಯಲ್ಲಿ ಕನಿಕರ ಇದೆ, ಆದರೆ ಮೇಲೆ ನಿಂತು ಬಗ್ಗಿ ನೋಡುವ ಕನಿಕರ. ಶ್ರೀಸಾಮಾನ್ಯನಿಗೆ ಶ್ರೀ ಸೇರಿಸಿ ಗೌರವವನ್ನೇನೋ ಕೊಟ್ಟಿದ್ದೇವೆ, ಆದರೆ ಭಾಷಣದ ಹೊರಗೆ ಆ ಹೆಸರಿನವರು ಯಾರೂ ಸಿಗುವುದಿಲ್ಲ. ಎಲೆಮರೆಯ ಕಾಯಿ ಹೊಗಳಿಕೆಯೇ. ಬಳಸಿ ಬಳಸಿ ಒಣಗಿಸಿಬಿಟ್ಟಿದ್ದೇವೆ. ಇಷ್ಟೆಲ್ಲ ಹುಡುಕುವ ಬದಲು ವರದಿಗಾರ ಬರೆದ 'ಅಟೆಂಡರ್ ಒಬ್ಬರು' ಸಾಕಿತ್ತು. ಈಗ ಕಾಪಿಯಲ್ಲಿ ಮಾಡುವ ಕೆಲಸದ ಹೆಸರು ಇದ್ದರೆ ನಾನು ಅದನ್ನು ಮುಟ್ಟುವುದಿಲ್ಲ.

ಮೇಲಿನವರು ಮಾಡಿದ್ದು ಇನ್ನೂ ಚೆಂದ. ಯಃಕಶ್ಚಿತ್ ಪದ ಬಳಸಬಾರದು ಅಂತ ಗ್ರೂಪಿನಲ್ಲಿ ಆದೇಶ ಹಾಕಿದರು. ಕ್ಯಾಪ್ಷನ್‌ಗಳಲ್ಲಿ 'ಮತ್ತಿತರರು ಇದ್ದರು' ಮಾತ್ರ ದಿನವೂ ಹೋಗುತ್ತಲೇ ಇದೆ, ಅಲ್ಲಿ ಯಾರಿಗೂ ನೋವಾಗುವುದಿಲ್ಲ ನೋಡಿ.

ಕನಿಷ್ಠ ಒಂದು ವಿಷಾದವನ್ನಾದರೂ ಹಾಕೋಣ ಅಂತ ಸಂಜೆ ಮೀಟಿಂಗ್‌ನಲ್ಲಿ ಕೇಳಿದೆ. ನಾಲ್ಕು ಸಾಲು, ಸಿಂಗಲ್ ಕಾಲಂ.

"ಯಾರಾದರೂ ದೊಡ್ಡವರಾಗಿದ್ದರೆ ಹಾಕಬಹುದಿತ್ತು" ಅಂದರು.