ಮಣ್ಣಿನಡಿಯ ಎದೆಬಡಿತ

ಇದನ್ನು ಓದಿದಾಗಿನಿಂದ ತಲೆಯಲ್ಲೇ ಕೂತಿದೆ. 2015ರ ನೇಪಾಳ ಭೂಕಂಪದಲ್ಲಿ ಚೌತಾರಾ ಅನ್ನೋ ಊರಲ್ಲಿ ಕುಸಿದ ಕಟ್ಟಡಗಳ ಇಟ್ಟಿಗೆ, ಮಣ್ಣಿನಡಿ, ಸುಮಾರು 10 ಅಡಿ ಆಳದವರೆಗೆ ಸಿಕ್ಕಿಕೊಂಡಿದ್ದ ನಾಲ್ವರನ್ನು ಪತ್ತೆ ಮಾಡಿದ್ದು ನಾಸಾದ ಫೈಂಡರ್. ಸೂಟ್‌ಕೇಸಿನಷ್ಟೇ ಇರುವ ರಾಡಾರ್. ಮೈಕ್ರೋವೇವ್ ಬಿಡುತ್ತದೆ, ತಿರುಗಿ ಬಂದ ಅಲೆಗಳಲ್ಲಿ ಉಸಿರಾಟಕ್ಕೆ, ಎದೆಬಡಿತಕ್ಕೆ ಮೈ ಚೂರೇ ಚೂರು ಅಲುಗಿದ್ದನ್ನು ಹುಡುಕುತ್ತದೆ. ಅದೂ ಮನುಷ್ಯರದ್ದು, ಪ್ರಾಣಿಗಳದ್ದಲ್ಲ ಅಂತ ಬೇರ್ಪಡಿಸಿ! ದೂರದ ಬಾಹ್ಯಾಕಾಶ ನೌಕೆಗಳ ಕ್ಷೀಣ ಸಿಗ್ನಲ್ ಹಿಡಿದು ಪಳಗಿದ, ನಾಸಾದ್ದೇ ಆದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯವರು ಮಾಡಿದ್ದು. ಬಾಹ್ಯಾಕಾಶಕ್ಕೆ ಸುಮ್ನೆ ದುಡ್ಡು ಸುರೀತಾರೆ ಅನ್ನೋರಿಗೆ ನಾನಂತೂ ಈ ನಾಲ್ವರ ಕಥೆ ಹೇಳ್ತೀನಿ. ಮಳೆಗಾಲದಲ್ಲಿ ಗುಡ್ಡ, ಕಟ್ಟಡ ಕುಸಿಯುವ ನಮ್ಮಲ್ಲೂ ಇಂಥದ್ದು ಪ್ರತಿ ಜಿಲ್ಲೆಯ ಅಗ್ನಿಶಾಮಕ ಠಾಣೆಯಲ್ಲಿ ಇರಬೇಕು, ಅಲ್ವಾ?