641ರಿಂದ ಭಾಗವಾದ ದೊಡ್ಡ ಸಂಖ್ಯೆ

ಹೈಸ್ಕೂಲಿನಲ್ಲಿ ಅವಿಭಾಜ್ಯ ಸಂಖ್ಯೆಗಳ ವಿಷಯ ಬಂದಾಗಲೆಲ್ಲ ನಾನು ಬೋರ್ಡಿನ ಮೇಲೆ 4294967297 ಎಂದು ಬರೆಯುತ್ತೇನೆ. ಇದು ಪರೀಕ್ಷೆಗೆ ಬರುವುದಿಲ್ಲ. ಆದರೂ ಬರೆಯದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಮಕ್ಕಳು ಮೊದಲು ಕೋಟಿ, ಲಕ್ಷ ಎಂದು ಬಿಡಿಸಿ ಓದುತ್ತಾರೆ: 429 ಕೋಟಿ 49 ಲಕ್ಷ 67 ಸಾವಿರದ 297. ಇದು ಅವಿಭಾಜ್ಯವೋ ಅಲ್ಲವೋ? ಸಮ ಸಂಖ್ಯೆಯಂತೂ ಅಲ್ಲ. ಕೊನೆಯಲ್ಲಿ 5 ಇಲ್ಲ. ಅಂಕಿಗಳನ್ನು ಕೂಡಿದರೆ 59, ಹಾಗಾಗಿ 3ರಿಂದಲೂ ಹೋಗುವುದಿಲ್ಲ. ಸುಲಭದ ದಾರಿಗಳು ಅಲ್ಲಿಗೆ ಮುಗಿದವು.

2ರ ಘಾತ 32ಕ್ಕೆ 1 ಕೂಡಿಸಿದರೆ ಈ ಸಂಖ್ಯೆ ಬರುತ್ತದೆ. ಘಾತ 1, 2, 4, 8, 16 ತೆಗೆದುಕೊಂಡರೆ 3, 5, 17, 257, 65537. ಐದೂ ಅವಿಭಾಜ್ಯ. ಮುಂದಿನವೂ ಹಾಗೇ ಇರುತ್ತವೆ ಎಂದು ಫ್ರಾನ್ಸಿನ ಫರ್ಮಾ 1640ರ ಹೊತ್ತಿಗೆ ನಂಬಿದ್ದರು. 1732ರಲ್ಲಿ ಆಯ್ಲರ್ ಆರನೆಯದನ್ನೇ ಒಡೆದು ತೋರಿಸಿದರು: 641 × 6700417.

"ಬರೀ 641 ಅಲ್ವಾ ಟೀಚರ್, ಫರ್ಮಾ ಯಾಕೆ ಭಾಗಿಸಿ ನೋಡಲಿಲ್ಲ?" ಎಂದು ಒಬ್ಬ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಈ ಸಂಖ್ಯೆಯ ವರ್ಗಮೂಲ 65536ಕ್ಕಿಂತ ಒಂಚೂರು ಜಾಸ್ತಿ. ಅಲ್ಲಿಯವರೆಗೆ 6542 ಅವಿಭಾಜ್ಯಗಳಿವೆ. ಎಲ್ಲಿ ಹುಡುಕಬೇಕೆಂದು ಗೊತ್ತಿಲ್ಲದವರಿಗೆ 641 ಕೂಡ ದೂರವೇ. ಇದರ ಅಪವರ್ತನಗಳೆಲ್ಲ 64ರ ಮಗ್ಗಿಯಲ್ಲಿ ಬರುವ ಸಂಖ್ಯೆಗೆ 1 ಕೂಡಿಸಿದಂತೆಯೇ ಇರಬೇಕು ಎಂದು ಸಾಧಿಸಿದವರೂ ಆಯ್ಲರ್ ಅವರೇ. ಆಗ ಉಳಿಯುವ ಅವಿಭಾಜ್ಯಗಳು 193, 257, 449, 577, 641. ಐದನೆಯದಕ್ಕೇ ಉತ್ತರ! 257 ಅನ್ನು ನೋಡುವುದೂ ಬೇಡ. ಯಾಕೆಂದರೆ 3 × 5 × 17 × 257 × 65537 ಮಾಡಿದರೆ 4294967295, ನಮ್ಮ ಸಂಖ್ಯೆಗಿಂತ ಸರಿಯಾಗಿ 2 ಕಡಿಮೆ. ಹಾಗಾಗಿ ಆ ಐದರಿಂದ ಭಾಗಿಸಿದರೆ ಶೇಷ ಉಳಿದೇ ಉಳಿಯುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಇನ್ನೊಂದು. ಆ ಹತ್ತಂಕಿಯ ಸಂಖ್ಯೆಯನ್ನು ಬರೆಯದೆಯೇ 641ರಿಂದ ಅದು ಹೋಗುತ್ತದೆ ಎಂದು ತೋರಿಸಬಹುದು. 640 ಎಂದರೆ 5 × 2⁷. ಅದನ್ನು 641ರಿಂದ ಭಾಗಿಸಿದರೆ 1 ಕಡಿಮೆ ಬೀಳುತ್ತದೆ, ಆದ್ದರಿಂದ ಅದರ ನಾಲ್ಕನೇ ಘಾತ 5⁴ × 2²⁸ಕ್ಕೆ ಶೇಷ 1. ಈಗ 641 ಅನ್ನೇ 625 + 16, ಅಂದರೆ 5⁴ + 2⁴ ಎಂದು ಬರೆಯಿರಿ. ಎರಡೂ ಕಡೆ 2²⁸ರಿಂದ ಗುಣಿಸಿ. 5⁴ × 2²⁸ ಮತ್ತು 2³² ಸೇರಿ 641ರಿಂದ ಪೂರ್ತಿ ಹೋಗುತ್ತವೆ. ಮೊದಲನೆಯದರ ಶೇಷ 1. ಹಾಗಾದರೆ 2³² + 1 ಕೂಡ ಹೋಗಲೇಬೇಕು. ಇದನ್ನು ಬೋರ್ಡಿನ ಮೇಲೆ ಬರೆಯುವಾಗ ನನಗೆ ಈಗಲೂ ಖುಷಿಯಾಗುತ್ತದೆ.

ಇನ್ನು 6700417. ಅದು ಅವಿಭಾಜ್ಯವೇ ಎಂದು ಕ್ಯಾಲ್ಕ್ಯುಲೇಟರ್ ಇಲ್ಲದೆ ನೀವೇ ನೋಡಬಹುದು. ವರ್ಗಮೂಲ 2588ರ ಹತ್ತಿರ. 64ರ ಮಗ್ಗಿಯ ನಿಯಮ ಇದಕ್ಕೂ ಅನ್ವಯ. 641ಕ್ಕಿಂತ ಚಿಕ್ಕವು ಆಗಲೇ ಬಿದ್ದುಹೋಗಿವೆ. ಉಳಿದದ್ದು 641, 769, 1153, 1217, 1409, 1601, 2113. ಏಳೇ ಭಾಗಾಕಾರ, ಯಾವುದರಲ್ಲೂ ಶೇಷ 0 ಬರುವುದಿಲ್ಲ.